ಬಂತೇನವ್ವಾ? ಬಂತು, ಯಜಮಾನ್ರೆ!

ಬೆಂಗಳೂರಿನ ಕಂಪ್ಯೂಟರಿನಿಂದ ಹೊಂಗನೂರಿನ ಪರದೆಗೆ ಒಂದು ಪಹಣಿ ಬರಬೇಕು. ದಾರಿಯಲ್ಲಿ ಒಂದಂಕಿ ಹೆಚ್ಚುಕಡಿಮೆಯಾದರೂ ಹದಿನೆಂಟು ಗುಂಟೆ ಹೋದಂತೆ. ಯಾವ ತಂತಿಯನ್ನೂ ನಂಬದ ಕಂಪ್ಯೂಟರು ಜಾಲ ನಂಬಿಕೆಗೆ ಅರ್ಹವಾದದ್ದು ಹೇಗೆ?

"ಬಂತೇನವ್ವಾ?"

"ನೆಟ್ ನಿಧಾನ ಐತೆ ಯಜಮಾನ್ರೆ, ವಸಿ ತಾಳಿ."

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಲ್ಲಿ, ಮುಂಗಾರಿಗೆ ಮುಂಚಿನ ಒಂದು ಬೆಳಿಗ್ಗೆ ಇಂಥದೊಂದು ಮಾತು ನಡೆಯುತ್ತಿದೆ ಎಂದುಕೊಳ್ಳಿ. ಬೆಳೆಸಾಲಕ್ಕೆ ಅರ್ಜಿ ಹಾಕಬೇಕಾದ ಹಿರಿಯ ರೈತರೊಬ್ಬರು ಬೆಂಚಿನ ಮೇಲೆ ಕುಳಿತಿದ್ದಾರೆ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ ಸರ್ವೆ ನಂಬರು, ಹಿಸ್ಸಾ ನಂಬರು ಒತ್ತಿದ್ದಾಳೆ. ಪರದೆಯ ಮೇಲೆ ಸಣ್ಣದೊಂದು ಚಕ್ರ ಸುತ್ತುತ್ತಿದೆ. ಅರೆ ನಿಮಿಷದಲ್ಲಿ ಪಹಣಿ ಮೂಡುತ್ತದೆ. ಹುಡುಗಿ ಅಚ್ಚು ತೆಗೆದು ಕೊಡುತ್ತಾಳೆ. ಹಿರಿಯರು ಮಡಿಚಿ ಜೇಬಿಗಿಟ್ಟುಕೊಂಡು ಬ್ಯಾಂಕಿನ ದಾರಿ ಹಿಡಿಯುತ್ತಾರೆ.

ಆ ಹಾಳೆಯ ಮೇಲೆ ಇರುವುದು ಸಾಮಾನ್ಯ ಸಂಗತಿಗಳಲ್ಲ. ಒಂಬತ್ತನೆಯ ಕಲಮಿನಲ್ಲಿ ಭೂಮಿಯ ಒಡೆಯನ ಹೆಸರು, ಹನ್ನೊಂದನೆಯ ಕಲಮಿನಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ಜೊತೆಗೆ ಎಕರೆ-ಗುಂಟೆಯ ವಿಸ್ತೀರ್ಣ. 1 ಎಕರೆ 20 ಗುಂಟೆ ಎಂದಿರಬೇಕಾದಲ್ಲಿ 1 ಎಕರೆ 02 ಗುಂಟೆ ಎಂದಾದರೆ ಅಂಕಿಗಳು ಅವೇ, ಸ್ಥಾನ ಮಾತ್ರ ಅದಲುಬದಲು. ಆದರೆ ಅರವತ್ತು ಗುಂಟೆ ಇದ್ದದ್ದು ನಲವತ್ತೆರಡಕ್ಕೆ ಇಳಿಯಿತು. ಹದಿನೆಂಟು ಗುಂಟೆ ಯಾರೂ ಒತ್ತುವರಿ ಮಾಡದೆಯೇ ಮಾಯ!

ಹಾಗೆ ಆಗುವುದಿಲ್ಲ ಎಂಬ ಧೈರ್ಯದ ಮೇಲೆಯೇ ಸರ್ಕಾರ, ಬ್ಯಾಂಕು, ರೈತ ಎಲ್ಲರೂ ವ್ಯವಹಾರ ಮಾಡುತ್ತಿದ್ದಾರೆ. ವಿಚಿತ್ರವೆಂದರೆ, ಆ ಪಹಣಿ ಹಾದು ಬಂದ ದಾರಿಯ ಯಾವ ತುಂಡೂ ಈ ಧೈರ್ಯವನ್ನು ಕೊಡುವುದಿಲ್ಲ. ತಂತಿ ತುಂಡಾಗಬಹುದು, ಗುಡುಗು ಮಿಂಚಿಗೆ ಸಂಕೇತ ಕೆಡಬಹುದು, ನಡುವಿನ ಯಂತ್ರಗಳು ಮಾಹಿತಿಯನ್ನು ಎಸೆದುಬಿಡಬಹುದು. ಇಷ್ಟೆಲ್ಲ ಆದರೂ ಪಹಣಿ ಸರಿಯಾಗಿ ಬಂದು ಮುಟ್ಟುವುದು ಹೇಗೆ ಎಂಬುದೇ ಈ ಕಥೆ.

ಕಟ್ಟು ಬಿಚ್ಚಿ, ಪೊಟ್ಟಣ ಕಟ್ಟಿ

ಕಂಪ್ಯೂಟರಿಗೆ ಅಕ್ಷರ ಎಂದರೂ ಅಂಕಿಯೇ. ಇಂದು ಜಗತ್ತಿನ ಬಹುಪಾಲು ಕಂಪ್ಯೂಟರುಗಳು ಒಪ್ಪಿಕೊಂಡಿರುವ ಯೂನಿಕೋಡ್ ಪದ್ಧತಿಯಲ್ಲಿ 'ಹೊಂಗನೂರು' ಎಂಬ ಹೆಸರಿಗೆ ಎಂಟು ಸಂಕೇತಗಳು. ಹಕಾರಕ್ಕೊಂದು, ಅದರ ಒತ್ವಕ್ಕೊಂದು, ಸೊನ್ನೆಗೊಂದು, ಹೀಗೆ. ರೂಢಿಯ ಸಾಗಣೆ ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಜಾಗ ಬೇಕು. ಅಂದರೆ ಊರಿನ ಹೆಸರೊಂದಕ್ಕೇ 24 ಬೈಟ್. ಗೆರೆ, ಚೌಕ, ಮೊಹರುಗಳೆಲ್ಲ ಸೇರಿದ ಒಂದು ಪಹಣಿಯ ಕಡತ ಒಂದು ಲಕ್ಷ ಬೈಟ್ ಇದೆ ಎಂದಿಟ್ಟುಕೊಳ್ಳೋಣ.

ಈ ಒಂದು ಲಕ್ಷವನ್ನು ಜಾಲ ಒಂದೇ ಗಂಟಾಗಿ ಹೊರುವುದಿಲ್ಲ. ಸಾಮಾನ್ಯವಾಗಿ ಒಂದು ಪೊಟ್ಟಣದ ಮಿತಿ 1,500 ಬೈಟ್. ಅದರಲ್ಲಿ 40 ಬೈಟ್ ವಿಳಾಸ ಮತ್ತು ಲೆಕ್ಕಾಚಾರಕ್ಕೇ ಹೋಗಿ, ಸರಕಿಗೆ ಉಳಿಯುವುದು 1,460. ಆದ್ದರಿಂದ ನಮ್ಮ ಪಹಣಿ 69 ಪೊಟ್ಟಣಗಳಾಗಿ ಹೊರಡುತ್ತದೆ. ಪ್ರತಿಯೊಂದರ ಮೇಲೂ ಕಳುಹಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ.

ದಾರಿಯಲ್ಲಿ ಸಿಗುವ ಕವಲುಗಳಲ್ಲೆಲ್ಲ ರೂಟರ್ ಎಂಬ ಯಂತ್ರಗಳು ಕುಳಿತಿವೆ. ಪೊಟ್ಟಣದ ವಿಳಾಸ ನೋಡಿ ಮುಂದಿನ ಕವಲಿಗೆ ತಳ್ಳುವುದಷ್ಟೇ ಅವುಗಳ ಕೆಲಸ. ಒಂದು ಕಡೆ ದಾರಿ ಕೆಟ್ಟಿದ್ದರೆ ಇನ್ನೊಂದು ಕಡೆಗೆ ತಿರುಗಿಸುತ್ತವೆ. ಕೈಯಲ್ಲಿ ಪೊಟ್ಟಣಗಳು ತುಂಬಿ ಜಾಗವಿಲ್ಲದಿದ್ದರೆ, ಹೊಸದಾಗಿ ಬಂದದ್ದನ್ನು ಸದ್ದಿಲ್ಲದೆ ಬಿಸಾಡುತ್ತವೆ. ಯಾರಿಗೂ ಹೇಳಬೇಕೆಂದಿಲ್ಲ. 'ಕೈಲಾದಷ್ಟು ಮಾಡುತ್ತೇನೆ, ಅದಕ್ಕಿಂತ ಹೆಚ್ಚು ಕೇಳಬೇಡಿ' ಎಂಬುದೇ ಇಂಟರ್‌ನೆಟ್ಟಿನ ತಳಹದಿಯ ಒಪ್ಪಂದ. ಅದಕ್ಕೆ ಐಪಿ ಎಂದು ಹೆಸರು. ಹೀಗಾಗಿ 12ನೆಯ ಪೊಟ್ಟಣ 9ನೆಯದಕ್ಕಿಂತ ಮೊದಲೇ ಬರಬಹುದು, 30ನೆಯದು ಎರಡು ಸಲ ಬರಬಹುದು, 41ನೆಯದು ಬಾರದೆಯೇ ಇರಬಹುದು.

ಇಂಥ ಬೇಜವಾಬ್ದಾರಿ ದಾರಿಯ ಮೇಲೆ ಜವಾಬ್ದಾರಿಯ ಸಾಗಣೆ ನಡೆಸುವ ಉಪಾಯವನ್ನು ಅಮೆರಿಕದ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಅದೇ ಬೆಳೆದು ಟಿಸಿಪಿ ಎಂಬ ನಿಯಮಾವಳಿಯಾಯಿತು. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಜಾಲ ತನ್ನ ಹಳೆಯ ಕ್ರಮವನ್ನು ಬಿಟ್ಟು ಇದಕ್ಕೆ ಬದಲಾಯಿತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆ ಹೊತ್ತಿಗೆ ಈ ನಿಯಮಾವಳಿ ಜಗತ್ತಿನ ರೂಢಿಯೇ ಆಗಿಹೋಗಿತ್ತು.

ಕಣದ ಲೆಕ್ಕ

ಟಿಸಿಪಿಯ ಗುಟ್ಟು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ರಾಗಿ ಕಣದಲ್ಲಿ ಕೊಳಗದಿಂದ ಅಳೆಯುವವನನ್ನು ನೆನಪಿಸಿಕೊಂಡರೆ ಸಾಕು. ಒಂದು ಎನ್ನುವ ಬದಲು 'ಲಾಭ' ಎಂದು ಶುರುಮಾಡಿ, 'ಎರಡು, ಮೂರು' ಎಂದು ರಾಗವಾಗಿ ಕೂಗುತ್ತ ಸುರಿಯುತ್ತಾನೆ. ಚೀಲ ಹಿಡಿದವನೂ ಮನಸ್ಸಿನಲ್ಲಿ ಎಣಿಸುತ್ತಿರುತ್ತಾನೆ. ನಡುವೆ ಯಾರೋ ಬಂದು ಮಾತನಾಡಿಸಿ ಎಣಿಕೆ ತಪ್ಪಿದರೆ, 'ಆರಾಯ್ತು, ಏಳು ಹಾಕು' ಎಂದು ಚೀಲದ ಕಡೆಯಿಂದ ದನಿ ಬರುತ್ತದೆ. ಲೆಕ್ಕ ಮತ್ತೆ ಹಳಿಗೆ ಬರುತ್ತದೆ.

ಕಂಪ್ಯೂಟರುಗಳು ಮಾಡುವುದೂ ಇದನ್ನೇ. ಮೊದಲು ಪರಸ್ಪರ ಪರಿಚಯ. 'ಮಾತಾಡೋಣವೇ? ನನ್ನ ಎಣಿಕೆ ಇಲ್ಲಿಂದ ಶುರು' ಎಂದು ಒಂದು ಕೇಳುತ್ತದೆ. 'ಆಗಲಿ, ಕೇಳಿಸಿತು, ನನ್ನ ಎಣಿಕೆ ಇಲ್ಲಿಂದ' ಎಂದು ಇನ್ನೊಂದು. 'ನಿನ್ನದೂ ಕೇಳಿಸಿತು' ಎಂದು ಮೊದಲನೆಯದು. ಟ್ರಂಕ್ ಕಾಲ್ ಕಾಲದಲ್ಲಿ 'ಹಲೋ, ಕೇಳಿಸ್ತಾ ಇದೆಯಾ?' ಎಂದು ಎರಡೂ ಕಡೆ ಕೂಗಿ ಖಾತರಿ ಮಾಡಿಕೊಂಡ ಮೇಲೆಯೇ ವಿಷಯಕ್ಕೆ ಬರುತ್ತಿದ್ದ ಹಾಗೆ.

ಆಮೇಲೆ ಸರಕು. ನಿಜದಲ್ಲಿ ಬೈಟುಗಳನ್ನೇ ಎಣಿಸುತ್ತಾರೆ. ಸುಲಭಕ್ಕೆ ಪೊಟ್ಟಣಗಳಿಗೇ ನಂಬರು ಎಂದುಕೊಳ್ಳೋಣ. ಬಂದದ್ದಕ್ಕೆ ಹೊಂಗನೂರಿನ ಕಂಪ್ಯೂಟರು ಸ್ವೀಕೃತಿ ಕಳುಹಿಸುತ್ತದೆ. ಅದರ ಒಕ್ಕಣೆ ಕಣದ ಮಾತಿನಂತೆಯೇ: 'ಆರರವರೆಗೆ ಬಂತು, ಏಳು ಕಳಿಸು'. ಏಳು ದಾರಿಯಲ್ಲಿ ಕಳೆದು, ಎಂಟು, ಒಂಬತ್ತು, ಹತ್ತು ಬಂದುಬಿಟ್ಟರೆ? ಅವನ್ನು ಪಕ್ಕಕ್ಕಿಟ್ಟುಕೊಂಡು, ಒಂದೊಂದು ಬಂದಾಗಲೂ 'ಏಳು ಕಳಿಸು' ಎಂದು ಹಟ ಹಿಡಿಯುತ್ತದೆ. ಮೂರು ಸಲ ಅದೇ ಮಾತು ಮರುಕಳಿಸಿದರೆ ಬೆಂಗಳೂರಿನ ಕಂಪ್ಯೂಟರು ಅರ್ಥಮಾಡಿಕೊಂಡು ಏಳನ್ನು ಮಾತ್ರ ಮತ್ತೆ ಕಳುಹಿಸುತ್ತದೆ. ಅದು ಬಂದೊಡನೆ ಉತ್ತರ: 'ಹತ್ತರವರೆಗೆ ಬಂತು, ಹನ್ನೊಂದು ಕಳಿಸು'.

ಯಾವ ಉತ್ತರವೂ ಬಾರದೇ ಹೋದರೆ ಕಳುಹಿಸಿದವನ ಗಡಿಯಾರ ಓಡುತ್ತಿರುತ್ತದೆ. ಹೊತ್ತು ಮೀರಿದರೆ ಮತ್ತೆ ಕಳುಹಿಸುತ್ತಾನೆ. ಎಷ್ಟು ಹೊತ್ತು ಕಾಯಬೇಕು? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಬೆಂಗಳೂರಿನಿಂದ ಚನ್ನಪಟ್ಟಣದ ಸುಮಾರು ಅರವತ್ತು ಕಿಲೋಮೀಟರು ಅದಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗವೂ ಅಲ್ಲ. ಅದೇ ಮಾತು 36,000 ಕಿಲೋಮೀಟರು ಮೇಲಿನ ಉಪಗ್ರಹಕ್ಕೆ ಹೋಗಿ ಬರಬೇಕಾದರೆ, ಒಂದು ಪ್ರಶ್ನೆ ಮತ್ತು ಅದರ ಉತ್ತರಕ್ಕೆ ಅರ್ಧ ಸೆಕೆಂಡು. ಆದ್ದರಿಂದ ಕಾಯುವ ಹೊತ್ತು ಶಾಸನದಲ್ಲಿ ಬರೆದಿಟ್ಟದ್ದಲ್ಲ. ಹಿಂದಿನ ಉತ್ತರಗಳು ಎಷ್ಟು ಹೊತ್ತಿಗೆ ಬಂದವು ಎಂದು ಅಳೆದು, ಕಂಪ್ಯೂಟರು ತಾನೇ ಕಲಿತುಕೊಳ್ಳುತ್ತದೆ.

ಇನ್ನೊಂದು ಪೇಚು. ಪೊಟ್ಟಣ ತಲುಪಿದೆ, ಕಳೆದದ್ದು ಸ್ವೀಕೃತಿ ಎಂದಿರಲಿ. ಕಳುಹಿಸಿದವನು ಅದೇ ಪೊಟ್ಟಣವನ್ನು ಮತ್ತೆ ಕಳುಹಿಸುತ್ತಾನೆ. ಆದರೆ ನಂಬರು ಇದೆಯಲ್ಲ! 'ಇದು ಆಗಲೇ ಬಂದಿದೆ' ಎಂದು ಪಡೆದವನು ಅದನ್ನು ಬಿಸಾಡಿ, ಸ್ವೀಕೃತಿಯನ್ನಷ್ಟೇ ಮತ್ತೆ ಕಳುಹಿಸುತ್ತಾನೆ. ನಂಬರಿನಿಂದ ಮೂರು ಕೆಲಸ: ಕಳೆದದ್ದು ಗೊತ್ತಾಗುತ್ತದೆ, ಹಿಂದುಮುಂದಾದದ್ದು ಸರಿಹೋಗುತ್ತದೆ, ಇಮ್ಮಡಿಯಾದದ್ದು ಬಿದ್ದುಹೋಗುತ್ತದೆ.

ಕೂಡಿಸಿ ನೋಡು

ಬಂದದ್ದು ಕೆಟ್ಟಿದ್ದರೆ? ಅದಕ್ಕೆ ಕಿರಾಣಿ ಅಂಗಡಿಯ ಚೀಟಿಯ ಉಪಾಯ. 42, 60, 15 ಎಂದು ಬರೆದು ಕೆಳಗೆ ಮೊತ್ತ 117 ಎಂದು ಹಾಕಿದ್ದರೆ, ದಾರಿಯಲ್ಲಿ 60 ಎಂಬುದು 68 ಆದರೂ ಮೊತ್ತ ತಾಳೆಯಾಗದೆ ಸಿಕ್ಕಿಬೀಳುತ್ತದೆ. ಪ್ರತಿ ಪೊಟ್ಟಣದಲ್ಲೂ ಇಂಥ ಒಂದು ಮೊತ್ತ ಇರುತ್ತದೆ. ತಾಳೆಯಾಗದ ಪೊಟ್ಟಣವನ್ನು ಪಡೆದವನು ಬಾರದಂತೆಯೇ ಭಾವಿಸುತ್ತಾನೆ. ಉಳಿದದ್ದನ್ನು ಗಡಿಯಾರ ನೋಡಿಕೊಳ್ಳುತ್ತದೆ.

ಆದರೆ ಬರೀ ಮೊತ್ತಕ್ಕೆ ಒಂದು ಕುರುಡುತನವಿದೆ. 42 ಮತ್ತು 60 ತಮ್ಮ ಜಾಗ ಬದಲಾಯಿಸಿಕೊಂಡರೆ ಮೊತ್ತ 117ರಲ್ಲೇ ಇರುತ್ತದೆ. ಟಿಸಿಪಿಯ ಮೊತ್ತಕ್ಕೂ ಈ ದೋಷವಿದೆ. ಅಂಕಿಯ ಬೆಲೆಯ ಜೊತೆ ಅದರ ಸ್ಥಾನವನ್ನೂ ಗಣನೆಗೆ ತೆಗೆದುಕೊಳ್ಳುವ ಬಿಗಿಯಾದ ಲೆಕ್ಕಗಳು ಬೇರೆ ಇವೆ. ಅವುಗಳಲ್ಲೊಂದು ಎಲ್ಲರ ಕೈಯಲ್ಲೂ ಇದೆ. ಆಧಾರ್ ಸಂಖ್ಯೆಯ 12 ಅಂಕಿಗಳಲ್ಲಿ ಕೊನೆಯದು ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಬಂದದ್ದು. ಒಂದಂಕಿ ತಪ್ಪಿ ಬರೆದರೂ, ಅಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೂ ಅದು ಹಿಡಿದುಬಿಡುತ್ತದೆ.

ಎಲ್ಲ ಮಾಹಿತಿಗೂ ಇಷ್ಟು ಉಪಚಾರ ಬೇಕಿಲ್ಲ. ಇಂಟರ್‌ನೆಟ್ ಮೂಲಕ ದುಬೈಯಲ್ಲಿರುವ ಮಗನೊಡನೆ ಮಾತನಾಡುವಾಗ ಒಂದಕ್ಷರ ಕಳೆದರೆ, ಅದನ್ನು ಎರಡು ಸೆಕೆಂಡಿನ ಮೇಲೆ ತಂದುಕೊಡುವುದಕ್ಕಿಂತ ಬಿಟ್ಟುಬಿಡುವುದೇ ಮೇಲು. ಆದ್ದರಿಂದ ಮಾತಿನ ಕರೆಗಳು ಹೆಚ್ಚಾಗಿ ಯುಡಿಪಿ ಎಂಬ, ಮತ್ತೆ ಕೇಳದ ಹಗುರ ದಾರಿಯನ್ನು ಹಿಡಿಯುತ್ತವೆ. ಪಹಣಿಗೆ ಆ ಸಡಿಲು ಸಲ್ಲದು.

400 ಗಜದ ಪಾಠ

ಮತ್ತೆ ಮತ್ತೆ ಕಳುಹಿಸುವ ಈ ಹಟವೇ ಒಮ್ಮೆ ಜಾಲದ ಕುತ್ತಿಗೆಗೆ ಬಂದಿತ್ತು. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ದಾರಿ ಇದ್ದಕ್ಕಿದ್ದಂತೆ 40 ಬಿಟ್ಟಿಗೆ ಕುಸಿಯಿತು. ಎರಡರ ನಡುವಿನ ದೂರ ಬರೀ 400 ಗಜ. ಆ ವೇಗದಲ್ಲಿ 'ಹೊಂಗನೂರು' ಎಂಬ ಒಂದು ಪದ ದಾಟಲು ಸುಮಾರು ಐದು ಸೆಕೆಂಡು ಬೇಕು. ನಡೆದುಕೊಂಡು ಹೋಗಿ ಕಡತವನ್ನು ಕೈಯಲ್ಲಿ ಕೊಟ್ಟುಬರುವುದೇ ವಾಸಿ ಎನ್ನುವ ಸ್ಥಿತಿ.

ತಂತಿ ಹರಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ದಟ್ಟಣೆಯಿಂದ ಪೊಟ್ಟಣಗಳು ಬೀಳುತ್ತಿದ್ದವು. ಉತ್ತರ ಬರಲಿಲ್ಲವೆಂದು ಎಲ್ಲರೂ ಮತ್ತೆ ಕಳುಹಿಸುತ್ತಿದ್ದರು. ಅದರಿಂದ ದಟ್ಟಣೆ ಇನ್ನೂ ಹೆಚ್ಚಿ ಇನ್ನಷ್ಟು ಬೀಳುತ್ತಿದ್ದವು. ಮೈಸೂರು ಹೆದ್ದಾರಿ ಊರೊಳಗೇ ಹಾದುಹೋಗುತ್ತಿದ್ದ ದಿನಗಳಲ್ಲಿ ರಾಮನಗರ, ಚನ್ನಪಟ್ಟಣಗಳ ಹಬ್ಬದ ಸಂಜೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಒಟ್ಟಿಗೆ ನುಗ್ಗಿದರೆ ಯಾರೂ ಮುಂದಕ್ಕೆ ಹೋಗುವುದಿಲ್ಲ.

ಇದನ್ನು ಬಿಡಿಸಿದವರು ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್. ಮೈಕೆಲ್ ಕ್ಯಾರೆಲ್ಸ್ ಜೊತೆಗೂಡಿ ಅವರು 1988ರಲ್ಲಿ ಪ್ರಕಟಿಸಿದ ಪರಿಹಾರ ಒಂದು ರೀತಿಯ ಸೌಜನ್ಯದ ಪಾಠ. ಮೊದಲು ಒಂದೇ ಪೊಟ್ಟಣ ಕಳುಹಿಸು. ಉತ್ತರ ಬಂದರೆ ಎರಡು, ಆಮೇಲೆ ನಾಲ್ಕು, ಎಂಟು. ಒಂದು ಮಟ್ಟ ಮುಟ್ಟಿದ ಮೇಲೆ ಒಂದೊಂದಾಗಿ ಏರಿಸು. ಪೊಟ್ಟಣ ಕಳೆದರೆ ದಾರಿ ತುಂಬಿದೆ ಎಂದು ತಿಳಿದು ವೇಗವನ್ನು ಅರ್ಧಕ್ಕಿಳಿಸು. ಉತ್ತರವೇ ನಿಂತುಹೋದರೆ ಮತ್ತೆ ಒಂದರಿಂದ ಶುರುಮಾಡು. ಯಾವ ಪೋಲೀಸಿನವನೂ ಇಲ್ಲದೆ, ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳು ತಾವಾಗಿ ಹಿಂದೆ ಸರಿಯುವುದರಿಂದಲೇ ಜಾಲ ಇಂದಿಗೂ ನಿಂತಿದೆ.

ಇದಕ್ಕೊಂದು ಕೊರೆಯೂ ಉಂಟು. ಕಳೆದುಹೋದದ್ದೆಲ್ಲ ದಟ್ಟಣೆಯಿಂದಲೇ ಎಂದು ಈ ನಿಯಮ ಭಾವಿಸುತ್ತದೆ. ಊರಾಚೆಯ ತೋಟದಲ್ಲಿ ಮೊಬೈಲಿನ ಸಂಕೇತ ದುರ್ಬಲವಾಗಿ ಪೊಟ್ಟಣ ಕೆಟ್ಟರೂ ಅದು ವೇಗ ತಗ್ಗಿಸುತ್ತದೆ. ಸಂಕೇತ ತಗ್ಗಿದ್ದಕ್ಕೂ ವೇಗ ತಗ್ಗಿದ್ದಕ್ಕೂ ಸೇರಿ ಎರಡು ಪಟ್ಟು ಕಾಯುವವನು ಹಳ್ಳಿಯವನೇ. ಗೂಗಲ್ 2016ರಲ್ಲಿ ಹೊರತಂದ ಬಿಬಿಆರ್ ಕ್ರಮ ಈ ಕೊರೆಯನ್ನು ತಗ್ಗಿಸಲು ಹೊರಟದ್ದು. ಪೊಟ್ಟಣ ಕಳೆದದ್ದನ್ನೇ ನೆಚ್ಚಿಕೊಳ್ಳದೆ, ದಾರಿಯ ಅಗಲ ಮತ್ತು ಉತ್ತರದ ಹೊತ್ತನ್ನು ಅಳೆದು ಅದು ವೇಗ ನಿರ್ಧರಿಸುತ್ತದೆ.

ನಡುದಾರಿಯ ಭರವಸೆ ಸಾಲದು

ಇಷ್ಟೆಲ್ಲ ಎಚ್ಚರಿಕೆಯನ್ನು ಎರಡು ತುದಿಯ ಕಂಪ್ಯೂಟರುಗಳಿಗೇ ಏಕೆ ಹೊರಿಸಬೇಕು? ದಾರಿಯ ಪ್ರತಿ ಕವಲಿನಲ್ಲೂ ತಪಾಸಣೆ ಇಟ್ಟರೆ ಸಾಲದೇ ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕದ ಎಂಐಟಿಯ ಸಾಲ್ಟ್‌ಜರ್, ರೀಡ್ ಮತ್ತು ಕ್ಲಾರ್ಕ್ 1980ರ ದಶಕದ ಆರಂಭದಲ್ಲಿ ಬರೆದ ಪ್ರಬಂಧದಲ್ಲಿ ಒಂದು ನಡೆದ ಸಂಗತಿ ಇದೆ.

ಅಲ್ಲಿನ ಒಂದು ಜಾಲದಲ್ಲಿ ಪ್ರತಿ ಹಂತದಲ್ಲೂ ಮೊತ್ತದ ತಪಾಸಣೆ ಇತ್ತು. ತಂತಿಗಳು ಸರಿಯಾಗಿದ್ದವು. ಆದರೆ ನಡುವಿನ ಒಂದು ಯಂತ್ರ, ಬಂದ ಮಾಹಿತಿಯನ್ನು ತನ್ನೊಳಗೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿಕೊಳ್ಳುವಾಗ, ಸುಮಾರು ಹತ್ತು ಲಕ್ಷ ಬೈಟಿಗೊಮ್ಮೆ ಎರಡು ಬೈಟುಗಳನ್ನು ಅದಲುಬದಲು ಮಾಡುತ್ತಿತ್ತು. ಒಳಗೆ ಬರುವಾಗ ತಪಾಸಣೆ ಸರಿ. ಒಳಗೇ ಕೆಟ್ಟದ್ದಕ್ಕೆ ಹೊಸ ಮೊತ್ತ ಬರೆದು ಕಳುಹಿಸುತ್ತಿದ್ದುದರಿಂದ ಹೊರಗೆ ಹೋಗುವಾಗಲೂ ಸರಿ! ಮುಖ್ಯವಾದ ಕಡತಗಳು ಆ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿ ಕೆಟ್ಟವು. ಕೊನೆಗೆ ಅವುಗಳ ಒಡೆಯರು ಹಳೆಯ ಅಚ್ಚುಪ್ರತಿಗಳನ್ನು ಹುಡುಕಿ ತೆಗೆದು, ಸಾಲು ಸಾಲಾಗಿ ಕಣ್ಣಿಂದಲೇ ಹೋಲಿಸಿ ತಿದ್ದಬೇಕಾಯಿತು.

ಅಪರೂಪದ ಆಕಸ್ಮಿಕ ಎಂದು ಇದನ್ನು ತಳ್ಳಿಹಾಕುವಂತಿಲ್ಲ. 2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ನಿಜವಾದ ಜಾಲಗಳ ಪೊಟ್ಟಣಗಳನ್ನು ಪರೀಕ್ಷಿಸಿದಾಗ, ದಾರಿಯ ತಪಾಸಣೆಯಲ್ಲಿ ಪಾರಾಗಿ ಬಂದವುಗಳಲ್ಲೂ 1,100ಕ್ಕೊಂದರಿಂದ 32,000ಕ್ಕೊಂದರವರೆಗೆ ಟಿಸಿಪಿಯ ಮೊತ್ತ ತಾಳೆಯಾಗದೆ ಸಿಕ್ಕಿಬಿದ್ದವು. ತುದಿಯಲ್ಲಿ ಕೂಡಿಸಿ ನೋಡುವವನು ಇಲ್ಲದಿದ್ದರೆ ಅವೆಲ್ಲ ಸರಿಯೆಂದೇ ದಾಟಿಹೋಗುತ್ತಿದ್ದವು. ಬ್ಯಾಂಕು ಮತ್ತು ಸರ್ಕಾರಿ ಜಾಲತಾಣಗಳ ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಕಂಡಿದ್ದರೆ, ಅಲ್ಲಿ ಇನ್ನೂ ಬಿಗಿಯಾದ ಮುದ್ರೆಯೊಂದು ಕೆಲಸ ಮಾಡುತ್ತಿರುತ್ತದೆ. ಆಕಸ್ಮಿಕವಾಗಿ ಕೆಟ್ಟದ್ದನ್ನಷ್ಟೇ ಅಲ್ಲ, ದಾರಿಯಲ್ಲಿ ಬೇಕೆಂದೇ ತಿದ್ದಿದ್ದನ್ನೂ ಅದು ಹಿಡಿಯುತ್ತದೆ. ಆ ಮುದ್ರೆಯನ್ನು ಒತ್ತುವುದೂ ಒಡೆಯುವುದೂ ಎರಡು ತುದಿಗಳೇ, ನಡುವಿನವರಲ್ಲ.

ಕೊನೆಯ ಉತ್ತರ ಯಾರದು?

ಇಷ್ಟಾದರೂ ಬಗೆಹರಿಯದ ಒಂದು ಒಗಟು ಉಳಿಯುತ್ತದೆ. ಎರಡು ಗುಡ್ಡಗಳ ಮೇಲೆ ಒಂದೇ ಪಕ್ಷದ ಎರಡು ದಂಡು, ನಡುವಿನ ಕಣಿವೆಯಲ್ಲಿ ಶತ್ರು. ಇಬ್ಬರೂ ಒಟ್ಟಿಗೆ ನುಗ್ಗಿದರೆ ಮಾತ್ರ ಗೆಲುವು. 'ನಾಳೆ ಬೆಳಿಗ್ಗೆ' ಎಂದು ಒಬ್ಬ ದೂತನನ್ನು ಕಳುಹಿಸುತ್ತಾನೆ. ದೂತ ಕಣಿವೆಯಲ್ಲಿ ಸಿಕ್ಕಿಬಿದ್ದಿರಬಹುದು. ಆದ್ದರಿಂದ 'ಆಗಲಿ' ಎಂಬ ಉತ್ತರ ಬರಬೇಕು. ಆ ಉತ್ತರ ತಲುಪಿತೆಂದು ಎರಡನೆಯವನಿಗೆ ತಿಳಿಯಲು ಮತ್ತೊಂದು ಉತ್ತರ ಬೇಕು. ಅದಕ್ಕೆ ಇನ್ನೊಂದು. ಎಷ್ಟು ದೂತರನ್ನು ಓಡಿಸಿದರೂ, ಕೊನೆಯವನು ತಲುಪಿದನೇ ಎಂಬುದು ಅವನನ್ನು ಕಳುಹಿಸಿದವನಿಗೆ ತಿಳಿಯುವುದಿಲ್ಲ. ನಂಬಲಾಗದ ದಾರಿಯಲ್ಲಿ ಇಬ್ಬರಿಗೂ ಪೂರ್ಣ ಖಾತರಿ ಅಸಾಧ್ಯ ಎಂಬುದನ್ನು ಗಣಿತದಲ್ಲೇ ಸಾಧಿಸಲಾಗಿದೆ.

ಈ ಒಗಟು ಈಗ ಗೊಬ್ಬರದಂಗಡಿಗೂ ಬಂದಿದೆ. ರೈತ ಮೊಬೈಲಿನಿಂದ 2,000 ರೂಪಾಯಿ ಕೊಡುತ್ತಾನೆ. ಅವನ ಖಾತೆಯಿಂದ ಹಣ ಕಡಿತವಾಗುತ್ತದೆ. ಉತ್ತರ ಬರುವಷ್ಟರಲ್ಲಿ ಸಂಕೇತ ಹೋಗುತ್ತದೆ. 'ಕೊಟ್ಟೆನಲ್ಲಪ್ಪ' ಎಂದು ಇವನು, 'ಬಂದಿಲ್ಲವಲ್ಲಣ್ಣ' ಎಂದು ಅಂಗಡಿಯವನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಪೂರ್ಣ ಖಾತರಿ ಸಿಗದಿದ್ದರೆ ಬೇಡ, ಎರಡು ಸಲ ಕೇಳಿದರೂ ಒಂದೇ ಸಲ ನಡೆಯುವಂತೆ ಮಾಡೋಣ ಎಂಬುದು ಎಂಜಿನಿಯರುಗಳ ಜಾಣ್ಮೆ. ಅಲ್ಲಿಯೂ ಕೈಹಿಡಿದದ್ದು ನಂಬರೇ. ಪ್ರತಿ ವಹಿವಾಟಿಗೂ ಬೇರೆಯಾಗದ ಒಂದು ಸಂಖ್ಯೆ. ಅದೇ ಸಂಖ್ಯೆಯ ಕೋರಿಕೆ ಮತ್ತೆ ಬಂದರೆ ಬ್ಯಾಂಕಿನ ಕಂಪ್ಯೂಟರು ಹಣವನ್ನು ಮತ್ತೆ ಕಡಿಯದೆ, ಮೊದಲಿನ ಉತ್ತರವನ್ನೇ ಹೇಳುತ್ತದೆ. ರಾಮನಗರದ ಗೂಡು ಮಾರುಕಟ್ಟೆಯ ಇ-ಹರಾಜಿನಂಥ ಕಡೆಯೂ ಇದೇ ಎಚ್ಚರ ಬೇಕು. ರೀಲರು ಆತುರದಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೂ ಕೂಗಿದ ಬೆಲೆ ಒಂದೇ ಆಗಿ ನಿಲ್ಲಬೇಕು.

ಹಾಗೂ ಹಣ ನಡುದಾರಿಯಲ್ಲಿ ನಿಂತರೆ ಕಾನೂನಿನ ಗಡಿಯಾರವಿದೆ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಆದೇಶದ ಪ್ರಕಾರ, ಯುಪಿಐ ಮೂಲಕ ಒಬ್ಬರಿಂದೊಬ್ಬರಿಗೆ ಕಳುಹಿಸಿದ ಹಣ ಕಡಿತವಾಗಿಯೂ ತಲುಪದಿದ್ದರೆ ವಹಿವಾಟಿನ ಮರುದಿನದೊಳಗೆ ತಾನಾಗಿ ವಾಪಸಾಗಬೇಕು. ಅಂಗಡಿಗೆ ಕೊಟ್ಟದ್ದಾದರೆ ಐದು ದಿನ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದ್ದರಿಂದ ಜಗಳಕ್ಕೆ ಮೊದಲು, ಮೊಬೈಲಿನಲ್ಲಿ ಕಾಣುವ 12 ಅಂಕಿಯ ವಹಿವಾಟು ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೌನಕ್ಕೆ ಎರಡು ಅರ್ಥ

ಮತ್ತೆ ಪಹಣಿಗೆ ಬರೋಣ. 2000ದ ಸುಮಾರಿಗೆ ರಾಜ್ಯದಲ್ಲಿ 'ಭೂಮಿ' ಯೋಜನೆ ಜಾರಿಗೆ ಬರುವ ಮುನ್ನ, ಈ ಲೆಕ್ಕವೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಮೊದಲಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಒಂದು ಪ್ರತಿ ಸಿಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದು ಕಂಪ್ಯೂಟರೇ ಕಟ್ಟುಮಾಡಿತು. ದಾಖಲೆ ಮುಟ್ಟುವ ಸಿಬ್ಬಂದಿಗೆ ಬೆರಳ ಗುರುತು ಕಡ್ಡಾಯವಾಯಿತು. ಮುಂದೆ ತಾಲ್ಲೂಕುಗಳ ದಾಖಲೆಗಳು ಜಾಲದ ಮೂಲಕ ಒಂದೆಡೆ ಸೇರಿ, ಹಳ್ಳಿಯ ಪರದೆಗೂ ಬಂದವು.

ಕಂಪ್ಯೂಟರು ಜಾಲಕ್ಕೂ ಕಂದಾಯದ ಕ್ರಮಕ್ಕೂ ಇಲ್ಲೊಂದು ದೊಡ್ಡ ವ್ಯತ್ಯಾಸ ಕಾಣುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ಖಾತೆ ಬದಲಾವಣೆಗೆ ಮುನ್ನ ಚಾವಡಿಯಲ್ಲಿ ಪ್ರಕಟಣೆ ಹಚ್ಚಿ, ಸಂಬಂಧಪಟ್ಟವರಿಗೆ ನೋಟಿಸು ಕೊಡಬೇಕು. ಗೊತ್ತುಮಾಡಿದ ದಿನಗಳೊಳಗೆ ಆಕ್ಷೇಪಣೆ ಬಾರದಿದ್ದರೆ ಬದಲಾವಣೆ ಮುಂದಕ್ಕೆ ಸಾಗುತ್ತದೆ. ಅಂದರೆ ಅಲ್ಲಿ ಮೌನಕ್ಕೆ ಸಮ್ಮತಿ ಎಂದು ಅರ್ಥ. ಜಾಲದಲ್ಲಿ ಮೌನಕ್ಕೆ ಅರ್ಥ ನೇರ ವಿರುದ್ಧ: 'ತಲುಪಿಲ್ಲ, ಮತ್ತೆ ಕಳಿಸು'. ಗಂಡನ ಮನೆಯಲ್ಲಿರುವ ಹೆಣ್ಣುಮಗಳಿಗೆ, ಬೆಂಗಳೂರಿನ ಕಾರ್ಖಾನೆಗೆ ದುಡಿಯಲು ಹೋದ ತಮ್ಮನಿಗೆ ಚಾವಡಿಯ ಗೋಡೆ ಕಾಣುವುದಿಲ್ಲ. ಅವರು ಉತ್ತರ ಕೊಡದಿರುವುದು ಒಪ್ಪಿದ್ದರಿಂದಲೋ, ಸುದ್ದಿಯೇ ಮುಟ್ಟದಿದ್ದರಿಂದಲೋ? ಪೊಟ್ಟಣದ ವಿಷಯದಲ್ಲಿ ಕಂಪ್ಯೂಟರು ಕೇಳಿಕೊಳ್ಳುವ ಈ ಪ್ರಶ್ನೆಯನ್ನು ಮನುಷ್ಯರ ವಿಷಯದಲ್ಲಿ ಮನುಷ್ಯರೇ ಕೇಳಿಕೊಳ್ಳಬೇಕಾಗಿದೆ.

ಕೊನೆಯ ತಾಳೆ

ಇನ್ನೊಂದು ಮಾತು. ಬೆಂಗಳೂರಿನ ಕಂಪ್ಯೂಟರಿನಲ್ಲಿ ಇದ್ದದ್ದು ಇದ್ದ ಹಾಗೆಯೇ ಹೊಂಗನೂರಿಗೆ ಬಂದು ಮುಟ್ಟುತ್ತದೆ ಎಂದಷ್ಟೇ ಜಾಲ ಭರವಸೆ ಕೊಡಬಲ್ಲದು. ಅಲ್ಲಿ ಇದ್ದದ್ದು ನಿಜವೇ ಎಂದು ಅದು ಹೇಳಲಾರದು. ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ ಬೆರಳು ಜಾರಿ 20 ಎಂಬುದು 02 ಆಗಿದ್ದರೆ, 69 ಪೊಟ್ಟಣಗಳೂ, ಅವುಗಳ ನಂಬರುಗಳೂ, ಮೊತ್ತಗಳೂ, ಸ್ವೀಕೃತಿಗಳೂ ಸೇರಿ ಆ 02ನ್ನೇ ಒಂದು ಚೂರೂ ಮುಕ್ಕಾಗದಂತೆ ತಂದು ಒಪ್ಪಿಸುತ್ತವೆ. ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಹೊರುವ ಆಳು ಅದು. ಅಚ್ಚಾಗಿ ಬಂದದ್ದಕ್ಕೆ ಕೈಬರಹಕ್ಕಿಲ್ಲದ ಒಂದು ಗತ್ತು ಇರುವುದರಿಂದ, ತಪ್ಪು ಇನ್ನಷ್ಟು ಸರಿಯಾಗಿ ಕಾಣುತ್ತದೆ.

ಎಂಐಟಿಯ ಆ ಕಡತಗಳಿಗೆ ಕೊನೆಗೆ ಆದದ್ದೇನು? ಹಳೆಯ ಅಚ್ಚುಪ್ರತಿ, ಒಂದು ಜೊತೆ ಕಣ್ಣು, ಸಾಲು ಸಾಲಾಗಿ ತಾಳೆ. ಇಲ್ಲಿಯೂ ಅದೇ. ಟ್ರಂಕಿನ ತಳದಲ್ಲಿರುವ ಹಳೆಯ ಕೈಬರಹದ ಪಹಣಿ, ಕ್ರಯಪತ್ರ, ಪಾಲುಪಟ್ಟಿಗಳನ್ನು ಹೊಸ ಹಾಳೆಯ ಪಕ್ಕಕ್ಕಿಟ್ಟು, ಹೆಸರು, ಹಿಸ್ಸಾ, ಎಕರೆ-ಗುಂಟೆ, ಋಣದ ಕಲಮು ಒಂದೊಂದನ್ನೂ ಹೋಲಿಸಿ ನೋಡಬೇಕು. ತಪ್ಪಿದ್ದರೆ ತಾಲ್ಲೂಕು ಕಚೇರಿಗೆ ತಿದ್ದುಪಡಿಯ ಅರ್ಜಿ ಕೊಟ್ಟು, ಅರ್ಜಿಯ ಸ್ವೀಕೃತಿಯನ್ನು ಕೇಳಿ ಪಡೆಯಬೇಕು. ಸ್ವೀಕೃತಿ ಇಲ್ಲದ ಮಾತು ಮಾತಲ್ಲ ಎಂಬುದನ್ನು ಕಂಪ್ಯೂಟರಿನಿಂದಲೇ ಕಲಿಯಬಹುದು.

ಆದ್ದರಿಂದ ನಮ್ಮ ಹೊಂಗನೂರಿನ ಹಿರಿಯರು ಹಾಳೆಯನ್ನು ಕೂಡಲೇ ಮಡಿಚಿ ಜೇಬಿಗಿಡಬಾರದಾಗಿತ್ತು.

"ಓದವ್ವಾ ಒಂದಪ, ಕೇಳ್ತೀನಿ."

ಹುಡುಗಿ ಓದುತ್ತಾಳೆ. ಹೆಸರು, ತಂದೆಯ ಹೆಸರು, ಸರ್ವೆ ನಂಬರು. ಅವರು ಒಂದೊಂದಕ್ಕೂ ಹೂಂಗುಡುತ್ತಾರೆ. "ಒಂದೆಕ್ರೆ ಇಪ್ಪತ್ ಗುಂಟೆ" ಎಂದಾಗ ಹೂಂಗುಡುವ ದನಿ ತುಸು ಜೋರಾಗುತ್ತದೆ. ಪಹಣಿ ಹೊಂಗನೂರಿಗೆ ತಲುಪಿದ್ದು ಆಗ.